ಮೊಳೆ ಹೊಡೆದ ಗಾಳಿಕಿಂಡಿಗಳು

ಮನೆ ಎತ್ತುವುದು ನನ್ನ ಕಸುಬು. ಕುಸಿದ ಮನೆಯ ಕೆಳಗೆ ಜಾಕ್ ಇಟ್ಟು, ಕೂದಲೆಳೆಯಷ್ಟೇ ಮೇಲೆತ್ತುತ್ತಾ, ಕೊಳೆತ ಮರ ತೆಗೆದು ಹೊಸದು ಕೂರಿಸುತ್ತೇನೆ. ಒಳಗೆ ಜನ ಚಹಾ ಕುಡಿಯುತ್ತಾ ಕೂತಿದ್ದರೂ ಲೋಟ ತುಳುಕಬಾರದು. ಮೂವತ್ತೆಂಟು ವರ್ಷ ಹಾಗೇ ಮಾಡಿದ್ದೇನೆ. ಅದರ ಜಂಬವೂ ನನಗೆ ಸಾಕಷ್ಟಿತ್ತು.

ಮಾರ್ಚಿನಲ್ಲೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ ಬರುವುದು ಹಿಗನ್ ಹಬ್ಬ. ಈ ಸಲದ ಸೆಪ್ಟೆಂಬರಿನ ಹಿಗನ್ ವಾರದಲ್ಲಿ, ಊರೆಲ್ಲ ಹಿರಿಯರ ಸಮಾಧಿಗೆ ಹೂವು ಹಿಡಿದು ಹೊರಟಿದ್ದಾಗ, ಮೇಲಿನ ಕೇರಿಯ ಮಿಯೊ ಅಕ್ಕನಿಂದ ಫೋನು ಬಂತು. "ತೊಂದರೆ ಕೊಡ್ತಿದ್ದೀನಿ ಮೇಸ್ತ್ರಿಗಳೇ" ಎಂದೇ ಶುರು. ನಾಲ್ಕು ಸಲ ಕ್ಷಮೆ ಕೇಳಿದ ಮೇಲೆ ವಿಷಯ ಹೊರಬಿತ್ತು. ಆರು ವರ್ಷದಿಂದ ಹಾಸಿಗೆ ಹಿಡಿದಿರುವ ಗಂಡ ಕಿಸಾಬುರೊ ಮಲಗುವ ಕೋಣೆಯ ನೆಲ ಕುಸಿದಿದೆ. ನೋಡಲು ಬರುವ ನರ್ಸ್ ಅದನ್ನು ಮೇಲಧಿಕಾರಿಗಳಿಗೆ ತಿಳಿಸಿದ್ದಾಳೆ. ಸೋಮವಾರದೊಳಗೆ ನೆಲ ಗಟ್ಟಿಯಾಗದಿದ್ದರೆ ಮುದುಕನನ್ನು ಬೆಟ್ಟದಾಚೆಯ ವೃದ್ಧಾಶ್ರಮಕ್ಕೆ ಸಾಗಿಸುತ್ತಾರೆ. ಕಿಸಾಬುರೊಗೋ ಒಂದೇ ಹಟ, ಹುಟ್ಟಿದ ಮನೆಯಲ್ಲೇ ಸಾಯಬೇಕು. ಡಾಕ್ಟರ ಪ್ರಕಾರ ಉಳಿದಿರುವುದು ಹೆಚ್ಚೆಂದರೆ ಹೊಸ ವರ್ಷದವರೆಗೆ.

ನಾನು ಹೋದಾಗ ಕಿಸಾಬುರೊ ಎಚ್ಚರವಾಗಿದ್ದರು.

"ಬಂದ್ಯೇನೋ ತೊಕುಜಿ? ನೋಡಿಲ್ಲಿ, ತಲೆ ಕೆಳಗೆ, ಕಾಲು ಮೇಲೆ. ಕುಡಿದ ಗಂಜಿ ವಾಪಸ್ ಬಾಯಿಗೇ ಬರುತ್ತೆ."

"ಚಿಂತೆ ಬಿಡಿ. ನೀವು ಮಲಗಿರೋ ಹಾಗೇ ಮನೆ ಎತ್ತಿಬಿಡ್ತೀನಿ."

"ಮನೆ ಎತ್ತು. ಜೊತೆಗೆ ನನ್ನನ್ನೂ ಎತ್ತಿಬಿಟ್ಟೀಯ, ಜೋಕೆ!"

"ಏನು ಮಾತೂಂತ ಆಡ್ತೀರಿ!" ಎಂದು ಮಿಯೊ ಅಕ್ಕ ಗದರಿದಳು. ಗದರಿದವಳು ತಾನೇ ನಕ್ಕಳು.

ಪಕ್ಕದ ಕೋಣೆಯ ನೆಲದ ಹಲಗೆ ಎಬ್ಬಿಸಿ ಕೆಳಗಿಳಿದೆ. ಅಣಬೆಯ ವಾಸನೆ ಮುಖಕ್ಕೆ ಹೊಡೆಯಿತು. ಒಣಗಿರಬೇಕಾದ ಮಣ್ಣು ಮೊಣಕೈಗೆ ಒದ್ದೆಯಾಗಿ ಹತ್ತಿತು. ಕಂಬಗಳು ಕೂರುವ ಅಡಿತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೂ ಇಳಿಯಿತು. ಅಡಿಪಾಯದಲ್ಲಿ ಗಾಳಿಯಾಡಲು ಎಂಟು ಕಿಂಡಿಗಳಿದ್ದವು, ಒಂದರಿಂದಲೂ ಬೆಳಕು ಬರುತ್ತಿರಲಿಲ್ಲ. ಯಾವ ಕತ್ತೆ ಇವನ್ನು ಮುಚ್ಚಿದ್ದು ಎಂದು ಬೈಯುತ್ತಾ ಹೊರಬಂದು ಮನೆ ಸುತ್ತಿದೆ. ಎಂಟಕ್ಕೂ ಹಲಗೆ, ಪ್ರತಿ ಹಲಗೆಗೆ ನಾಲ್ಕು ಮೊಳೆ. ಮೊದಲನೆಯದರ ಮೇಲೆ ಮಸಿಯಲ್ಲಿ ಬರೆದಿತ್ತು: ಹಿಗನ್‌ಗೆ ಕೀಳಬೇಕು, ತೊಕುಜಿ.

ಕತ್ತೆ ನಾನೇ.

ಆರು ವರ್ಷದ ಹಿಂದೆ, ಕಿಸಾಬುರೊ ಮಲಗಿದ ಮೊದಲ ಚಳಿಗಾಲ, ನೆಲದಿಂದ ಚಳಿ ಏಳುತ್ತದೆ ಎಂದು ಮಿಯೊ ಅಕ್ಕ ನನ್ನನ್ನು ಕರೆಸಿದ್ದಳು. ಹಿಮ ಬೀಳುವ ನಮ್ಮೂರಲ್ಲಿ ಚಳಿಗಾಲಕ್ಕೆ ಕಿಂಡಿ ಮುಚ್ಚುವುದು ಎಲ್ಲರೂ ಮಾಡುವುದೇ. ಆದರೆ ಹಲಗೆಗೆ ಮರದ ಚಿಲಕವಿಡುತ್ತಾರೆ, ಮಾರ್ಚಿನಲ್ಲಿ ಮನೆಯವರೇ ತೆಗೆದು ತೇವ ಆರಿಸುವ ಹಾಗೆ. ಅವತ್ತು ಆಗಲೇ ಹಿಮ ಉದುರುತ್ತಿತ್ತು, ನನಗೆ ಮನೆ ಸೇರುವ ಅವಸರ. ಮೊಳೆ ಹೊಡೆದುಬಿಟ್ಟೆ. "ಮಾರ್ಚಿನ ಹಿಗನ್‌ಗೆ ನಾನೇ ಬಂದು ಕೀಳ್ತೀನಿ" ಎಂದೆ. ಮಾರ್ಚಿನಲ್ಲಿ ದೊಡ್ಡ ದೇಗುಲವೊಂದರ ಕೆಲಸ ಸಿಕ್ಕಿತು. ಈ ಎಂಟು ಹಲಗೆ ತಲೆಯಿಂದಲೇ ಹಾರಿಹೋದವು.

ಹಲಗೆ ಕಂಡ ದಿನವೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಎತ್ತಿ ಸರಿಮಾಡಿಬಿಟ್ಟರೆ ಹೇಳುವ ಪ್ರಮೇಯವೇ ಬಾರದು ಎಂದುಕೊಂಡೆ, ಅಷ್ಟು ಹೇಡಿ ನಾನು. ಮೊಳೆ ಕಿತ್ತು ಹಲಗೆಗಳನ್ನು ಟ್ರಕ್ಕಿನಲ್ಲಿ ಬಚ್ಚಿಟ್ಟೆ. ಎರಡು ದಿನ ಆಧಾರ ಕಟ್ಟಿ, ಭಾನುವಾರ ಬೆಳಗ್ಗೆ ಜಾಕ್ ತಿರುಗಿಸಿದೆ. ಮನೆ ಏಳಲಿಲ್ಲ. ಗಟ್ಟಿ ಉಳಿದಿದೆ ಎಂದುಕೊಂಡಿದ್ದ ಕಡೆಯೇ ಜಾಕಿನ ತಲೆ ತೊಲೆಯೊಳಕ್ಕೆ ಹೂತುಹೋಯಿತು, ಅದರ ಮೇಲಿನ ಕಂಬದ ಬುಡ ಪುಡಿಯಾಗಿ ಉದುರಿತು. ಮೇಲೆ ನೆಲ ಇನ್ನೂ ಮೂರು ಬೆರಳು ಇಳಿದು, ಬಟ್ಟಲು ಒಡೆದ ಸದ್ದಿನ ಹಿಂದೆಯೇ ಕಿಸಾಬುರೊ ನರಳಿದ್ದು ಕೇಳಿಸಿತು. ಇನ್ನು ಮನೆ ಖಾಲಿ ಮಾಡಿಸಿ, ಬುಡದಿಂದ ಕಟ್ಟಬೇಕು. ಬರುವ ಮೇ ತಿಂಗಳಿಗೆ ಮುಗಿದರೆ ಪುಣ್ಯ.

ಸೋಮವಾರ ವೃದ್ಧಾಶ್ರಮದ ವ್ಯಾನು ಬರುವ ಮೊದಲು ಅಂಗಳದಲ್ಲಿ ಮಂಡಿಯೂರಿ ಮಣ್ಣಿಗೆ ಹಣೆ ಹಚ್ಚಿದೆ.

"ಅಕ್ಕಾ, ಕಿಂಡಿಗೆ ಮೊಳೆ ಹೊಡೆದೋನು ನಾನು. ಕೀಳೋಕೆ ಬರಲಿಲ್ಲ. ಅದರಿಂದಲೇ ಎಲ್ಲಾ ಕೊಳೆತಿದ್ದು."

"ನೀವು ಬರಲಿಲ್ಲ ಅಂತ ನಂಗೆ ಗೊತ್ತಿತ್ತಲ್ಲ" ಎಂದಳು ಮಿಯೊ ಅಕ್ಕ.

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಯಾರು ರೇಗಬೇಕು! ಆದರೂ ಕೂಗಿದೆ. "ಒಂದು ಫೋನು ಮಾಡಬಾರದಿತ್ತಾ? ಪಕ್ಕದ ಮನೆಯವರಿಗೆ ಹೇಳಿದ್ರೂ ಕಿತ್ತುಕೊಡ್ತಿದ್ರು!"

"ದೇಗುಲದ ಕೆಲಸದಲ್ಲಿದ್ರಿ. ನೆನಪಿಸಿದ್ರೆ, ಮರೆತಿದ್ದೀರಿ ಅಂತ ಮುಖಕ್ಕೆ ಹೇಳಿದ ಹಾಗಲ್ವಾ? ನೀವು ಹೊಡೆದ ಮೊಳೆ ಬೇರೆಯವ್ರ ಕೈಲಿ ಕೀಳಿಸಿದ್ರೆ ಊರಲ್ಲಿ ನಿಮ್ಮ ಮರ್ಯಾದೆ ಏನಾಗ್ಬೇಕು?" ಅವಳು ಏಪ್ರನ್ ಅಂಚು ಹಿಂಡುತ್ತಿದ್ದಳು. "ಪ್ರತಿ ಹಿಗನ್‌ಗೂ ಒಹಾಗಿ ಅನ್ನದುಂಡೆ ಮಾಡಿದಾಗ ನಿಮಗೇಂತ ಎರಡು ಎತ್ತಿಡ್ತಿದ್ದೆ. ಸಂಜೆವರೆಗೆ ಕಾದು, 'ಇನ್ನವನು ಬರಲ್ಲ, ನಂಗೇ ಕೊಡು' ಅಂತ ಇವರು ತಿಂದುಬಿಡ್ತಿದ್ರು."

ವ್ಯಾನಿನವರು ಇಬ್ಬರೇ ಇದ್ದರು. ಸ್ಟ್ರೆಚರಿನ ಒಂದು ತುದಿ ನಾನು ಹಿಡಿದೆ. ಹೊಸ್ತಿಲು ದಾಟುವಾಗ ಕಿಸಾಬುರೊ ಕಣ್ಣು ತೆರೆದು ಮೊದಲು ಸೂರು ನೋಡಿದರು, ಆಮೇಲೆ ನನ್ನನ್ನು.

"ಮನೆ ಎತ್ತು ಅಂದ್ರೆ ನನ್ನನ್ನೇ ಎತ್ತಿದ್ಯಲ್ಲೋ."

ಅವರು ನಗಲಿಲ್ಲ.

ಗಂಡನ ಜೊತೆ ಹೋಗಲು ಚೀಲ ಹಿಡಿದು ಬಂದ ಮಿಯೊ ಅಕ್ಕ, ವ್ಯಾನು ಹತ್ತದೆ ತಿರುಗಿ ಅಡುಗೆಮನೆಗೆ ಹೋದಳು. ತಟ್ಟೆ ತಂದು ನನ್ನ ಕೈಗಿಟ್ಟಳು. ಕೆಂಪು ಕಾಳಿನ ಹೂರಣ ಮೆತ್ತಿದ ಅನ್ನದುಂಡೆ, ಎರಡು.

"ತಿನ್ನಿ ಮೇಸ್ತ್ರಿಗಳೇ" ಎಂದು ಬಗ್ಗಿ ನಮಸ್ಕರಿಸಿದಳು. "ಈ ಸಲ ಬಂದಿದ್ದೀರಲ್ಲ."

ಅವಳು ನೋಡುತ್ತಾ ನಿಂತಿದ್ದಳು. ಎರಡನ್ನೂ ತಿಂದೆ.