ಕೋಟೆ ಗೋಡೆಯ ಕಾಗೆ

ಒಮಾನಿನ ಸೂರ್ ಪಟ್ಟಣದ ಆಚೆ ಒಂದು ಹಳೆಯ ಕೋಟೆ ಇದೆ. ಅದರ ಉದುರಿದ ಗೋಡೆಗೆ ಮಣ್ಣಿನ ಗಾರೆ ಮೆತ್ತುವುದು ನನ್ನ ಕೆಲಸ. ವಾಸ ಅಲ್ಲೇ ಶೆಡ್ಡಿನಲ್ಲಿ. ಹರಿಹರದ ಹತ್ತಿರದ ನಮ್ಮೂರು ಸಾರಥಿಯಲ್ಲಿ ನಲವತ್ತು ವರ್ಷ ಬದುಕಿದರೂ ತಲೆ ಎತ್ತಿ ಒಂದು ಹಕ್ಕಿ ನೋಡಿದವನಲ್ಲ. ಹರಿಹರದ ಗುಡಿ ಮುಂದೆ ನೂರು ಸಲ ಚಪ್ಪಲಿ ಬಿಟ್ಟಿದ್ದೇನೆ, ಒಂದು ಕಂಬವನ್ನೂ ಮುಟ್ಟಿ ನೋಡಲಿಲ್ಲ. ಇಲ್ಲಿಗೆ ಬಂದ ಮೇಲೆ ಕಣ್ಣು ಬಂತು. ಯಾವ ಬುರುಜಿನ ಯಾವ ಬಿರುಕಿನಲ್ಲಿ ಗೊರವಂಕ ಮೊಟ್ಟೆ ಇಟ್ಟಿದೆ, ನೀಲಕಂಠ ಯಾವ ತಂತಿಯ ಮೇಲೆ ಕೂರುತ್ತದೆ, ಎಲ್ಲ ಗೊತ್ತು. ಎಲ್ಲವೂ ನಮ್ಮೂರಿನ ಹಕ್ಕಿಗಳೇ.

ಅಣ್ಣ ಸಣ್ಣಬೀರಪ್ಪನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ನನ್ನ ರಜೆಗೆ ಕಾಯದೆ ತನ್ನ ಮಗಳು ಚೈತ್ರಾಳ ಮದುವೆ ಮುಗಿಸಿದ್ದ. ಅವಳನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು ನಾನು. ಸಿಟ್ಟು ತಡೆಯದೆ ಫೋನಿನಲ್ಲಿ ಅಂದುಬಿಟ್ಟೆ: "ನೀ ಸತ್ರೂ ನಾ ಬರಂಗಿಲ್ಲ."

ಅವನು ದಾವಣಗೆರೆಯ ಆಸ್ಪತ್ರೆಯಲ್ಲಿ ಎದೆನೋವಿನಿಂದ ಸತ್ತ. ನನಗೆ ರಜೆ ಸಿಗಲಿಲ್ಲವೆಂದು ಎಲ್ಲರೂ ತಿಳಿದರು. ನಾನು ರಜೆ ಕೇಳಿಯೇ ಇರಲಿಲ್ಲ.

ಮೂರನೇ ದಿನ ಬೆಳಗ್ಗೆ ಒಂಬತ್ತಕ್ಕೆ ಗೋಡೆಯ ಮೇಲೆ ಡಬ್ಬಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದೆ. ಕಾಗೆಯೊಂದು ಬಂತು. ಇಲ್ಲಿ ಕಾಗೆ ಅಪರೂಪವಲ್ಲ, ಆದರೆ ಹೀಗೆ ಮೊಣಕೈ ಪಕ್ಕ ಕೂರುವುದಿಲ್ಲ. ಇದು ಕೂತಿತು. ಕೂಗಲಿಲ್ಲ. ಡಬ್ಬಿಗೆ ಕೊಕ್ಕು ಹಾಕಿ ಒಂದು ತುಂಡು ಎತ್ತಿಕೊಂಡಿತು. ಕೈಗೆ ಸಿಕ್ಕ ಕಲ್ಲನ್ನು ಬೀಸಿದೆ. ರೆಕ್ಕೆಗೆ ಬಿತ್ತು. ರೊಟ್ಟಿ ಕೊಕ್ಕಿನಿಂದ ಜಾರಿತು.

ಅಷ್ಟರಲ್ಲಿ ಅತ್ತಿಗೆ ಮರಿಯವ್ವನ ಫೋನು. ಹರಿಹರದ ಹೊಳೆ ದಂಡೆಯಲ್ಲಿ ಅಣ್ಣನಿಗೆ ಎಡೆ ಇಟ್ಟು ಒಂದು ತಾಸಾಗಿತ್ತಂತೆ. ಸತ್ತವರು ಕಾಗೆಯಾಗಿ ಬಂದು ಎಡೆ ಮುಟ್ಟಬೇಕು. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದೇ ನಮ್ಮವರ ಲೆಕ್ಕ. ಆ ಆಸೆ ತೀರಿಸುತ್ತೇವೆಂದು ಚೈತ್ರಾ ಮಾತು ಕೊಟ್ಟಾಗಿತ್ತು, ಹಿರಿಯರೂ ಕೊಟ್ಟಾಗಿತ್ತು. ಕಾಗೆಗಳು ಮರ ಬಿಟ್ಟು ಇಳಿದಿರಲಿಲ್ಲ.

"ನಿಮ್ಮಣ್ಣಂಗೆ ನಿನ್ ಮ್ಯಾಲೇ ಜೀವ ಐತೆ, ಕಾಟಪ್ಪ. ಫೋನ್ ಎಡೆ ಹತ್ರ ಇಡ್ತೀನಿ, ಬರ್ತೀನಿ ಅನ್ನು."

"ಹನ್ನೊಂದನೇ ದಿನಕ್ಕೆ ಬರ್ತೀನಣ್ಣ," ಅಂದೆ. "ಉಣ್ಣು."

ಕಾಗೆ ಬುರುಜಿನ ಬುಡದಲ್ಲಿ ರೆಕ್ಕೆ ಇಳಿಬಿಟ್ಟು ನನ್ನನ್ನೇ ನೋಡುತ್ತಿತ್ತು. ಅತ್ತ ಹೊಳೆ ದಂಡೆಯಲ್ಲಿ ಮಧ್ಯಾಹ್ನದವರೆಗೆ ಕಾದು ಎಡೆಯನ್ನು ಹಸುವಿಗೆ ಕೊಟ್ಟರಂತೆ.

ಅಂದಿನಿಂದ ಗೋಡೆಯ ಮೇಲೆ ಅನ್ನ ಇಟ್ಟೆ. ಗೊರವಂಕ ತಿಂದವು, ಗುಬ್ಬಿ ತಿಂದವು. ಕಾಗೆ ಹಾರಲಾರದು, ಕುಪ್ಪಳಿಸುತ್ತಾ ನನ್ನ ಹಿಂದೆಯೇ ಬರುತ್ತಿತ್ತು. ನಾನು ಗಾರೆ ಮೆತ್ತಿದ ಕಡೆಯೆಲ್ಲ ಬಂದು ನಿಲ್ಲುತ್ತಿತ್ತು. ಅನ್ನದ ಕಡೆ ಮಾತ್ರ ತಿರುಗುತ್ತಿರಲಿಲ್ಲ. ಏನು ತಿಂದು ಬದುಕಿತ್ತೋ ನಾನರಿಯೆ.

ಒಂಬತ್ತನೇ ದಿನ ರಜೆ ಕೇಳಿದೆ. ಕೇಳಿದ ಕೂಡಲೇ ಸಿಕ್ಕಿತು. ಮರುದಿನ ಬ್ಯಾಗು ಹಿಡಿದು ಕೋಟೆ ಬಾಗಿಲು ದಾಟಿದೆ. ಕಾಗೆ ಹೊಸ್ತಿಲವರೆಗೆ ಬಂದು ಅಲ್ಲೇ ನಿಂತಿತು. ವಿಮಾನ ನಿಲ್ದಾಣಕ್ಕೆ ಒಯ್ಯಲು ಬಂದ ಕಾರು ಎರಡು ಸಲ ಹಾರ್ನ್ ಹೊಡೆಯಿತು. ಕಾರನ್ನು ಹೋಗೆಂದು ಕೈ ಬೀಸಿ ಕಳಿಸಿ, ಬ್ಯಾಗು ಹಿಡಿದು ಕಾಗೆಯ ಬಳಿಗೆ ಮರಳಿದೆ.

ಸಂಜೆ, ನಾನು ಬರುವುದಿಲ್ಲ ಎಂದಾಗ ಅತ್ತಿಗೆ ಫೋನಿನಲ್ಲಿ ಅತ್ತಳು.

"ಕೊಟ್ಟ ಮಾತು ಹಿಂಗ ಮುರೀತಾರೇನು? ನಿಮ್ಮಣ್ಣ ಹೊಳಿ ದಂಡ್ಯಾಗೆ ಕಾಯ್ತಾ ಕುಂತಿರ್ತಾನೆ."

"ಇಲ್ಲ ಅತ್ತಿಗೆ. ಅಲ್ಲಿ ಯಾರೂ ಇಲ್ಲ."

ಸಿಟ್ಟಿಗೆ ಆಡಿದ ಮಾತೆಂದು ತಿಳಿದು ಅವಳು ಫೋನ್ ಇಟ್ಟಳು. ಹಾಗೆಯೇ ತಿಳಿಯಲಿ.