ರೇಣುಕಾ ಒಡೆದ ಪೆಟ್ಟಿಗೆ

ಮಧ್ಯಾಹ್ನ ಮೂರು ಗಂಟೆಗೆ ಮಾಲು ಒಯ್ಯುವ ಲಾರಿ ಬಂದು ನಿಂತಾಗ ಹೈದರಾಬಾದಿನ ನಾಚಾರಂನ ಆ ಪುಟ್ಟ ಕಾರ್ಖಾನೆಗೆ ಕೊನೆಗೂ ಜೀವ ಬಂದಂತಾಯಿತು. ಆಮ್ಲಜನಕದ ಸಿಲಿಂಡರುಗಳ ವಾಲ್ವಿಗೆ ಕೂರಿಸುವ ರಬ್ಬರ್ ವಾಷರುಗಳನ್ನು ಮಾಡುವ ಜಾಗ ಅದು. ಕೇರಳದಿಂದ ಬರಬೇಕಿದ್ದ ರಬ್ಬರ್ ಹಾಳೆ, ಗುಡ್ಡ ಕುಸಿದು ದಾರಿಯಲ್ಲೇ ಸಿಕ್ಕಿಬಿದ್ದಿತ್ತು. ತಮ್ಮೂರ ಕಡೆಯ ಕನ್ನಡದವರನ್ನೇ ಕೆಲಸಕ್ಕಿಟ್ಟುಕೊಂಡಿದ್ದ ಮಾಲೀಕ ಅಮರೇಶಪ್ಪನವರು ಮೂರು ದಿನ ಫೋನು ಹಿಡಿದೇ ಕೂತು, ಎಲ್ಲಿಂದಲೋ ಬೇರೆ ಹಾಳೆ ತರಿಸಿದ್ದರು. ಅವಸರದಲ್ಲಿ ಮೊದಲ ಸುರುಳಿಯನ್ನಷ್ಟೇ ಪರೀಕ್ಷೆ ಮಾಡಿ ಮಾಲು ಸಿದ್ಧಪಡಿಸಿದ್ದರು.

ಚಿನ್ಮಯಿ ಮೂಲೆಯ ಸ್ಟೂಲಿನಲ್ಲಿ ಕೂತು ಇದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ಮೈಸೂರಿನವಳು, ಹೈದರಾಬಾದಿನಲ್ಲಿ ಮ್ಯಾನೇಜ್‌ಮೆಂಟ್ ಪಿಎಚ್.ಡಿ. ಮಾಡುತ್ತಿದ್ದಳು. ಎಲ್ಲ ಬಗೆಯ ಕೆಲಸಗಾರರನ್ನೂ ಒಳಗೊಳ್ಳುವ ಕಾರ್ಖಾನೆ, ಸರಬರಾಜು ಕಡಿದುಬಿದ್ದಾಗ ಬೇಗ ಚೇತರಿಸಿಕೊಳ್ಳುತ್ತದೆಯೇ ಎಂಬುದು ಅವಳ ಪ್ರಶ್ನೆ. ಎಂಟು ತಿಂಗಳಿಂದ ಇಲ್ಲಿಗೆ ಬರುತ್ತಿದ್ದಳು. ಗೈಡ್ ಸೂರ್ಯನಾರಾಯಣ ಅವರು ಮೊದಲೇ ಹೇಳಿದ್ದರು: "ನೋಡಬೇಕು, ಬರೀಬೇಕು, ಅಷ್ಟೆ. ಕೈ ಹಾಕಿದ ದಿನ ಆ ಕಾರ್ಖಾನೆ ನಿಮ್ಮ ಪ್ರಬಂಧದಿಂದ ಹೊರಗೆ."

ತಪಾಸಣೆಯ ಮೇಜಿನಿಂದ ರೇಣುಕಾ ಎದ್ದು ಬಂದಳು. ಹುಟ್ಟಿನಿಂದ ಕಿವಿ ಕೇಳದ ಹೆಂಗಸು. ಆರು ವರ್ಷದಿಂದ ವಾಷರ್ ಆರಿಸುವುದೇ ಅವಳ ಕೆಲಸ. ಸೂಪರ್‌ವೈಸರ್ ರವಿಕಿರಣನ ಮುಂದೆ ಒಂದು ವಾಷರನ್ನು ಹಿಚುಕಿ ತೋರಿಸಿದಳು. ಅವನು ಫೋನಿನಲ್ಲಿ ಮಾತಾಡುತ್ತಲೇ ಕೈ ಬೀಸಿದ. ಮತ್ತೆ ಅಡ್ಡ ಬಂದಳು. ಅವನು ಪಕ್ಕಕ್ಕೆ ಸರಿದು ಹೋದ.

ರೇಣುಕಾ ಸೀದಾ ಲಾರಿಯತ್ತ ನಡೆದಳು. ಹತ್ತಬೇಕಿದ್ದ ಮೊದಲ ಪೆಟ್ಟಿಗೆಯ ಟೇಪನ್ನು ಬ್ಲೇಡಿನಿಂದ ಸರ್ರನೆ ಸೀಳಿಬಿಟ್ಟಳು.

"ಏ, ತಲಿ ಕೆಟ್ಟೈತೇನು ನಿನಗ!" ರವಿಕಿರಣ ಓಡಿಬಂದು ಅವಳ ತೋಳು ಹಿಡಿದೆಳೆದು, ಲಾರಿಯ ಬಳಿ ನಿಂತಿದ್ದ ಅಮರೇಶಪ್ಪನವರತ್ತ ತಿರುಗಿದ. "ಸರ, ಇಕಿನ್ನ ಮನಿಗೆ ಕಳಸ್ರಿ. ಲಾರಿ ಬಿಡೂ ಹೊತ್ತಿನ್ಯಾಗ ಏನ್ ಮಾಡಾಕತ್ತಾಳ ನೋಡ್ರಿ!"

ರೇಣುಕಾಳ ಕಣ್ಣು ಒಬ್ಬೊಬ್ಬರ ಮುಖವನ್ನೂ ಹಾದು ಚಿನ್ಮಯಿಯ ಮೇಲೆ ನಿಂತಿತು.

ಚಿನ್ಮಯಿಯ ಕೈಯಲ್ಲಿ ಬೆಳಗಿನ ಸಭೆಯ ಹಾಳೆಯಿತ್ತು. 'ರೇಣುಕಾ: ಹಾಜರು' ಎಂದು ಅವಳೇ ಗುರುತು ಹಾಕಿದ್ದಳು. ಹೊಸ ರಬ್ಬರಿನ ಬಗ್ಗೆ ಅರ್ಧ ಗಂಟೆ ಮಾತು ನಡೆದಿತ್ತು. ಹಿಂದೆ ನಿಂತಿದ್ದ ರೇಣುಕಾಳಿಗೆ ಒಂದಕ್ಷರವೂ ತಲುಪಿರಲಿಲ್ಲ. ಬರೀ ಹಾಜರಿಯನ್ನೇ ಒಳಗೊಳ್ಳುವಿಕೆ ಎಂದು ಎಂಟು ತಿಂಗಳು ಎಣಿಸುತ್ತ ಬಂದೆನಲ್ಲ ಎಂದು ಚಿನ್ಮಯಿಗೆ ಆಗ ಹೊಳೆಯಿತು.

ಎದ್ದು ಬಂದಳು. "ಸರ್, ಲಾರಿ ನಿಲ್ಲಿಸಿ. ಅವರು ಏನು ಹೇಳ್ತಿದಾರೆ ಅಂತ ಮೊದಲು ಕೇಳಿ."

"ನೀವು ನಡುವ ಬರಬ್ಯಾಡ್ರಿ ಮೇಡಮ್," ಎಂದ ರವಿಕಿರಣ.

ಚಿನ್ಮಯಿ ಅದೇ ಹಾಳೆ ತಿರುಗಿಸಿ ಪೆನ್ನು ಕೊಟ್ಟಳು. ರೇಣುಕಾ ಬರೆದಳು: 'ಹಿಚುಕಿದ್ರ ಹೊಳ್ಳಿ ಮ್ಯಾಲ ಏಳವಲ್ದು. ಮೊದಲಿನ ಮಾಲು ಹಿಂಗ ಇರಲಿಲ್ಲ. ಗಾಳಿ ಸೋರತೈತಿ.'

ಅಮರೇಶಪ್ಪ ಎರಡು ಸಲ ಓದಿದರು. "ಇವತ್ತ ಮಾಲು ಹೋಗಲಿಲ್ಲಂದ್ರ ಮುಂದಿನ ಆರ್ಡರ್ ಕೈ ಬಿಟ್ಟಂಗ," ಎಂದರು. ಹಾಳೆಯನ್ನು ಮಡಚಿ ಜೇಬಿಗಿಟ್ಟು, "ಆದ್ರ ದವಾಖಾನಿಗೆ ಹೋಗೂ ಮಾಲಿದು. ಇಪ್ಪತ್ತು ತಗೀರಿ, ಬಿಗಿದು ಒಲಿಯೊಳಗ ಇಡ್ರಿ."

ಉಕ್ಕಿನ ಫಲಕಗಳ ನಡುವೆ ಬಿಗಿದ ವಾಷರುಗಳು ಎರಡು ತಾಸು ವಿದ್ಯುತ್ ಒಲೆಯ ಬಿಸಿಯಲ್ಲಿರಬೇಕು; ಬಿಚ್ಚಿದಾಗ ಮತ್ತೆ ಉಬ್ಬಿದರಷ್ಟೇ ಮಾಲು ಸರಿ. ಡ್ರೈವರ್ ಹಾರ್ನ್ ಬಾರಿಸುತ್ತಲೇ ಇದ್ದ. ಅಮರೇಶಪ್ಪನವರ ಫೋನು ಏಳು ಸಲ ಹೊಡೆದುಕೊಂಡಿತು, ಅವರು ಎತ್ತಲಿಲ್ಲ. ವಾಷರುಗಳು ಸರಿಯಾಗಿಯೇ ಇದ್ದರೆ ರೇಣುಕಾಳ ಕೆಲಸ ಹೋಗುವುದು ಖಂಡಿತ ಎಂದುಕೊಳ್ಳುತ್ತ ಚಿನ್ಮಯಿ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದಳು.

ಫಲಕ ಬಿಚ್ಚಿದರು. ಹದಿನಾಲ್ಕು ವಾಷರುಗಳು ಚಪ್ಪಟೆಯಾಗಿಯೇ ಉಳಿದಿದ್ದವು.

ರವಿಕಿರಣ ಒಂದನ್ನು ಬೆರಳಲ್ಲಿ ಹೊರಳಿಸುತ್ತ ನಿಂತ. ಆಮೇಲೆ ಫೋನಿನಲ್ಲಿ 'ತೋಳು ನೋಯಾಕತ್ತೈತೇನು?' ಎಂದು ಬರೆದು ರೇಣುಕಾಳಿಗೆ ತೋರಿಸಿದ. ಅವಳು ತನ್ನ ಮೇಜಿಗೆ ಹಿಂತಿರುಗಿದಳು.

ಲಾರಿ ಖಾಲಿ ಹೋಯಿತು. ಕೊಳ್ಳುವವರು ಬೈದು, ಅರ್ಧ ಆರ್ಡರನ್ನು ಬೇರೆಯವರಿಗೆ ಕೊಟ್ಟರು. ಉಳಿದರ್ಧಕ್ಕೆ ನಾಲ್ಕು ದಿನದ ಗಡುವು. ಸಂಜೆ ಚಿನ್ಮಯಿ ನಡೆದದ್ದನ್ನೆಲ್ಲ ಗೈಡಿಗೆ ತಿಳಿಸಿದಳು. "ಒಳ್ಳೆಯದೇ ಮಾಡಿದಿರಿ," ಎಂದರು ಅವರು. "ಆದರೆ ಆ ಕಾರ್ಖಾನೆಯ ಎಂಟು ತಿಂಗಳ ಮಾಹಿತಿ ಹೋಯ್ತು." ಫೋನಿಟ್ಟು ಅವಳು ಅತ್ತಳು.

ಮರುದಿನ ಬೆಳಗ್ಗೆ ಚಿನ್ಮಯಿ ಹಾಳೆ, ಪೆನ್ನು ಇಲ್ಲದೆ ಬರಿಗೈಯಲ್ಲೇ ಬಂದಳು. ಗೋಡೆಗೆ ಕಪ್ಪು ಹಲಗೆ ಬಂದಿತ್ತು. ಸಭೆಯ ಪ್ರತಿ ಮಾತನ್ನೂ ರವಿಕಿರಣ ದಪ್ಪ ಅಕ್ಷರದಲ್ಲಿ ಬರೆದ. ಕೊನೆಗೆ ಅಮರೇಶಪ್ಪ ಸೀಮೆಸುಣ್ಣವನ್ನು ರೇಣುಕಾಳ ಕೈಗಿಟ್ಟರು.

ಅವಳು ಬರೆದಳು: 'ನನ್ನ ಮೇಜಿನ ಮ್ಯಾಲಿನ ದೀಪ ಕೆಟ್ಟು ಎರಡು ತಿಂಗಳಾತು. ಮೂರು ಸಲ ತೋರಿಸೀನಿ.'

ಅಮರೇಶಪ್ಪ ರವಿಕಿರಣನತ್ತ ತಿರುಗಿದರು. ಅವನು ಏಣಿ ತರಲು ಹೊರಟ.