ಹಾಲ್ವರ್ಸನ್‌ನ ಬೆರಳು

ಕೆನಡಾದ ಸಸ್ಕಾಚೆವಾನಿನ ನಮ್ಮೂರ ಜಲ್ಲಿ ರಸ್ತೆಯನ್ನು ಹತ್ತೊಂಬತ್ತು ವರ್ಷಗಳಿಂದ ಗ್ರೇಡರ್ ಯಂತ್ರದಿಂದ ಕೆರೆದು ಸಪಾಟು ಮಾಡುತ್ತಿದ್ದೇನೆ. ಹಿಮ ಕರಗುವ ಏಪ್ರಿಲ್‌ನಲ್ಲಂತೂ ಸೋಮವಾರ ಕೆರೆದ ರಸ್ತೆಗೆ ಗುರುವಾರದೊಳಗೆ ಗೇಣಾಳದ ಗಾಲಿಜಾಡು ಬಿದ್ದಿರುತ್ತದೆ. ಕೂಡಲೇ ಗೋಧಿ ಬೆಳೆಯುವ ಹಾಲ್ವರ್ಸನ್‌ನ ಫೋನು.

"ಏನಯ್ಯಾ, ಮಲಗಿಬಿಟ್ಯಾ? ಇದನ್ನ ರಸ್ತೆ ಅಂತಾರಾ?"

ಈ ಸಲ ಸೀದಾ ಅವನ ಅಂಗಳಕ್ಕೇ ಹೋದೆ. ಗೋಧಿ ತುಂಬಿ ನಿಂತಿದ್ದ ಲಾರಿಯ ಟೈರಿಗೆ ಗಾಳಿ ಅಳೆಯುವ ಗೇಜು ಒತ್ತಿದೆ. ಮುಳ್ಳು ನೂರಹತ್ತಕ್ಕೆ ಹೋಗಿ ನಿಂತಿತು.

"ಇದು ಡಾಂಬರು ರಸ್ತೆಗೆ ಹಾಕೋ ಗಾಳಿ ಮಾರಾಯ. ಒದ್ದೆ ಜಲ್ಲೀಲಿ ಟೈರು ಚಾಕು ಇಳಿದಂಗೆ ಇಳಿದು ಜಾಡು ಬೀಳುತ್ತೆ. ಗಾಳಿ ಕಮ್ಮಿ ಮಾಡಿ ನಿಧಾನಕ್ಕೆ ಹೋಗು. ಟೈರು ಅಗಲವಾಗಿ ಕೂತ್ರೆ ಭಾರ ಹಂಚಿಹೋಗುತ್ತೆ."

"ಆಮೇಲೆ ಡಾಂಬರು ಸಿಕ್ಕಾಗ ಮತ್ತೆ ತುಂಬಿಸ್ಬೇಕಲ್ಲ? ಅರ್ಧ ಗಂಟೆ ಹಾಳು!"

"ನಂದು ಹತ್ತೊಂಬತ್ತು ವರ್ಷ ಹಾಳಾಗಿದೆ."

ಅವನ ಹೆಂಡತಿ ಬಾಗಿಲಲ್ಲಿ ನಿಂತು ಜೋರಾಗಿ ನಕ್ಕಳು. ಅವನು ನಗಲಿಲ್ಲ.

ನಮ್ಮ ಕಡೆ ಎದುರಾದವರಿಗೆಲ್ಲ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳುವುದು ವಾಡಿಕೆ, ಜಗಳವಾಡಿದವರಿಗೂ. ಮರುದಿನ ರಸ್ತೆಯನ್ನು ಮತ್ತೆ ಕೆರೆದು ವಾಪಸಾಗುವಾಗ ಅವನ ಲಾರಿ ಎದುರಿಗೆ ಬಂತು. ಟೈರುಗಳು ಮೆತ್ತಗೆ ಉಬ್ಬಿದ್ದವು, ಹಿಂದೆ ರಸ್ತೆ ಜಾಡು ಬೀಳದೆ ಹಾಗೇ ಉಳಿದಿತ್ತು. ಸುಸ್ತಾಗಿದ್ದರೂ ಖುಷಿಯಿಂದ ಬೆರಳೆತ್ತಿದೆ.

ಅವನು ಎತ್ತಲಿಲ್ಲ. ರಸ್ತೆ ಇವತ್ತಿಗೂ ಸಪಾಟಾಗಿದೆ, ಅವನ ಬೆರಳು ಮಾತ್ರ ನನಗಾಗಿ ಇನ್ನೂ ಎದ್ದಿಲ್ಲ.